ಪಾಸು, ಫೇಲು ಮತ್ತು ನಮ್ಮ ಎಂಟನೆಯ ತರಗತಿ



ಮೊದಲೇ ಹೇಳಿಬಿಡುತ್ತೇನೆ. ನಾನು ಚರಿತ್ರೆ ಓದಿದವನಲ್ಲ, ಶಿಕ್ಷಕನೂ ಅಲ್ಲ. ಎಸ್.ಎಸ್.ಎಲ್.ಸಿ. ಪಾಸಾಗಿ ಬ್ಯಾಂಕಿಗೆ ಅಟೆಂಡರ್ ಆಗಿ ಸೇರಿದೆ. ಆಮೇಲೆ ಇಲಾಖಾ ಪರೀಕ್ಷೆ ಬರೆದು ಗುಮಾಸ್ತನಾದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ಆದರೆ ಪರೀಕ್ಷೆ ಎಂಬ ವಸ್ತುವಿನ ಬಗ್ಗೆ ಮಾತನಾಡಲು ನನಗೆ ಒಂದು ಸಣ್ಣ ಹಕ್ಕು ಇದೆ ಎಂದು ತಿಳಿದುಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಎಂಟನೆಯ ತರಗತಿಯಲ್ಲಿ ಫೇಲಾದವರು ಒಬ್ಬರಿದ್ದಾರೆ. ಅದೇ ಮನೆಯ ಇನ್ನೊಂದು ಮಗು, ಐವತ್ತೈದು ವರ್ಷಗಳ ನಂತರ, ಅದೇ ಎಂಟನೆಯ ತರಗತಿಯಲ್ಲಿ ಕನಿಷ್ಠ ಅಂಕ ಸಿಗದೆ ರಜೆಯಲ್ಲಿಯೂ ಶಾಲೆಗೆ ಹೋಗಬೇಕಾಯಿತು. ಈ ಎರಡರ ನಡುವೆ ನಡೆದುಹೋದ ಕತೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಕಾಸರಗೋಡು ತಾಲೂಕು 1956ರ ಅಕ್ಟೋಬರ್ 31ರ ತನಕ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತಾಲೂಕಾಗಿತ್ತು. ಹಾಗಾಗಿ ನಮ್ಮ ಅಜ್ಜಂದಿರು ಬರೆದದ್ದು ಮದರಾಸಿನ ಪರೀಕ್ಷೆ. ಮೊದಲು ಮದರಾಸು ವಿಶ್ವವಿದ್ಯಾನಿಲಯ ನಡೆಸುತ್ತಿದ್ದ ಮೆಟ್ರಿಕ್ಯುಲೇಶನ್ ಇತ್ತು. ಅದಕ್ಕೆ ಕೂತವರಲ್ಲಿ ಪಾಸಾಗುವವರು ಕಡಿಮೆ, ಸೋಲುವವರೇ ಹೆಚ್ಚು. 1911ರ ಹೊತ್ತಿಗೆ ಅದರ ಜಾಗಕ್ಕೆ ಎಸ್.ಎಸ್.ಎಲ್.ಸಿ., ಅಂದರೆ ಪ್ರೌಢಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರ ಬಂತು. ಕಾಲೇಜಿಗೆ ಹೋಗಲು ಅರ್ಹರಾದವರ ಪಟ್ಟಿಯನ್ನು ಸರಕಾರ ಬೇರೆಯಾಗಿ ಪ್ರಕಟಿಸುತ್ತಿತ್ತು. ನಮ್ಮಲ್ಲಿ ಇಂದಿಗೂ ಹಳಬರು "ಮೆಟ್ರಿಕ್" ಎನ್ನುವುದು ಆ ಕಾಲದ ಮಾತಿನ ಉಳಿಕೆ.

ಆ ವ್ಯವಸ್ಥೆಯಲ್ಲಿ ಕಾಲೇಜಿನ ಕೆಳಗೆ ಒಟ್ಟು ಹನ್ನೊಂದು ವರ್ಷಗಳ ಓದು. ಪ್ರಾಥಮಿಕ ಐದು ತರಗತಿ, ಆಮೇಲೆ ಒಂದನೆಯ ಫಾರ್ಮಿನಿಂದ ಆರನೆಯ ಫಾರ್ಮಿನ ತನಕ. ಹೈಸ್ಕೂಲಿಗೆ ಹೋಗಲಾಗದವರಿಗೆ ಎಂಟನೆಯ ತರಗತಿಯ ಕೊನೆಗೆ ಇ.ಎಸ್.ಎಲ್.ಸಿ. ಎಂಬ ಎಲಿಮೆಂಟರಿ ಶಾಲಾ ಪರೀಕ್ಷೆ ಇತ್ತು. ಎಂಟನೆಯದು ಪಾಸಾದರೆ ಅದೊಂದು ದೊಡ್ಡ ಸಂಗತಿ. ಅದರ ಬಲದಿಂದಲೇ ಶಿಕ್ಷಕರ ತರಬೇತಿಗೆ ಹೋಗಿ ಊರಿನ ಶಾಲೆಗಳಲ್ಲಿ ಮಾಸ್ತರರಾದವರು ಎಷ್ಟೋ ಮಂದಿ. ನಮ್ಮ ತಂದೆಗೆ ಅಕ್ಷರ ಕಲಿಸಿದವರೂ ಅಂಥ ಒಬ್ಬರು ಮಾಸ್ತರರು. ಅಂದರೆ ಎಂಟನೆಯ ತರಗತಿ ಎನ್ನುವುದು ನಮ್ಮ ಊರುಗಳಿಗೆ ಹೊಸ ಗಡಿಯಲ್ಲ. ನೂರು ವರ್ಷಗಳಿಂದ ಮಕ್ಕಳು ಹೋಗಿ ನಿಂತು, ಈಚೆ ಇಲ್ಲವೆ ಆಚೆ ಎಂದು ತೀರ್ಮಾನವಾಗುತ್ತಿದ್ದ ಜಾಗ ಅದು.

1956ರ ನವೆಂಬರ್ 1ರಂದು ಕೇರಳ ರಾಜ್ಯ ಹುಟ್ಟಿತು. ನಾವು ಮಲಗಿದ್ದಲ್ಲೇ ಮಲಗಿದ್ದೆವು, ರಾಜ್ಯ ಬೇರೆಯಾಯಿತು. ಆ ನೋವಿನ ಕತೆ ನಿಮಗೆಲ್ಲ ಗೊತ್ತಿದೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿದ್ದೂ, ಅದು ಕಾಗದದಲ್ಲೇ ಉಳಿದದ್ದೂ ಗೊತ್ತಿದೆ. ಇಂದು ನಾನು ಆ ಮಾತಿಗೆ ಹೋಗುವುದಿಲ್ಲ. ಪರೀಕ್ಷೆಯ ಮಟ್ಟಿಗೆ ಆದ ಬದಲಾವಣೆ ಏನೆಂದರೆ, ಕೇರಳದಲ್ಲಿ ಶಾಲೆಯ ಓದು ಹತ್ತು ವರ್ಷಕ್ಕೆ ಇಳಿಯಿತು. ಒಂದರಿಂದ ನಾಲ್ಕು ಕಿರಿಯ ಪ್ರಾಥಮಿಕ, ಐದರಿಂದ ಏಳು ಹಿರಿಯ ಪ್ರಾಥಮಿಕ, ಎಂಟರಿಂದ ಹತ್ತು ಹೈಸ್ಕೂಲು. ಎಂಟನೆಯದು ಮೊದಲು ಎಲಿಮೆಂಟರಿ ಶಾಲೆಯ ಕೊನೆಯ ಮೆಟ್ಟಿಲಾಗಿತ್ತು, ಈಗ ಹೈಸ್ಕೂಲಿನ ಮೊದಲ ಮೆಟ್ಟಿಲಾಯಿತು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನನ್ನ ಅಣ್ಣ ಎಂಟನೆಯ ತರಗತಿಗೆ ಸೇರಿದ್ದು 1969ರಲ್ಲಿ. ಏಳನೆಯ ತನಕ ಮನೆ ಹತ್ತಿರದ ಶಾಲೆ. ಹೈಸ್ಕೂಲಿಗೆ ಗುಡ್ಡ ಹತ್ತಿ, ತೋಡು ದಾಟಿ ಐದು ಮೈಲಿ ನಡೆಯಬೇಕು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ. ಇಂಗ್ಲಿಷು ಎಲ್ಲಿಯೂ ಇಲ್ಲ. ಅಣ್ಣ ಲೆಕ್ಕದಲ್ಲಿ ಚುರುಕು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಸೋತ. ಶಾಲೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮರುವರ್ಷ ಅದೇ ಬೆಂಚಿನಲ್ಲಿ ತನಗಿಂತ ಸಣ್ಣವರ ಜೊತೆ ಕೂರಬೇಕು. ಅಣ್ಣ ಹೋಗಲಿಲ್ಲ. ಅಪ್ಪನೂ ಒತ್ತಾಯ ಮಾಡಲಿಲ್ಲ, ಗೇಣಿ ಗದ್ದೆಯಲ್ಲಿ ಒಂದು ಕೈ ಹೆಚ್ಚಾಯಿತು ಎಂದುಕೊಂಡರು. ಆ ಕೈಯೂ ಹೆಚ್ಚು ದಿವಸ ನಿಲ್ಲಲಿಲ್ಲ. ಮಳೆಗಾಲ ಕಳೆದ ಮೇಲೆ ಅಣ್ಣ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತ.

ಕೇಳುಗರೆ, ನಿಮ್ಮ ಮನೆಗಳಲ್ಲಿಯೂ ಅಂಥ ಒಬ್ಬರು ಇದ್ದಾರು. ಆ ಕಾಲದಲ್ಲಿ ಫೇಲು ಎಂದರೆ ಒಂದು ವರ್ಷ ಹೋಯಿತು ಎಂದಲ್ಲ, ಶಾಲೆಯೇ ಹೋಯಿತು ಎಂದು ಅರ್ಥ.

ನಾನು ಎಸ್.ಎಸ್.ಎಲ್.ಸಿ. ಬರೆದದ್ದು 1976ರ ಮಾರ್ಚಿನಲ್ಲಿ. ಕೇರಳದವರಿಗೆ ಮರೆಯಲಾಗದ ಒಂದು ಸಂಖ್ಯೆ ಇದೆ, 210. ಬಹಳ ಕಾಲ 600 ಅಂಕಗಳಲ್ಲಿ 210 ಸಿಕ್ಕಿದರೆ ಪಾಸು. 360 ಮೊದಲ ದರ್ಜೆ, 480 ಡಿಸ್ಟಿಂಕ್ಷನ್. ಪತ್ರಿಕೆಯಲ್ಲಿ ನಂಬರು ಬರುವ ದಿವಸ ಪೇಟೆಯ ಅಂಗಡಿಯ ಎದುರು ಗುಂಪು ಸೇರುತ್ತಿತ್ತು. ರ‍್ಯಾಂಕು ಬಂದವರ ಭಾವಚಿತ್ರ ಮುಖಪುಟದಲ್ಲಿ. ನಂಬರು ಇಲ್ಲದವರ ಸುದ್ದಿ ಯಾರೂ ಬರೆಯುತ್ತಿರಲಿಲ್ಲ. ಕೆಲವರು ಟ್ಯುಟೋರಿಯಲ್ ಕಾಲೇಜಿಗೆ ಸೇರಿದರು, ಕೆಲವರು ಬೀಡಿ ಕಟ್ಟಲು ಕೂತರು.

ಇದು ಸರಿಯಲ್ಲ ಎಂದು ತಿಳಿದವರು ಹೇಳುತ್ತಲೇ ಇದ್ದರು. 1952–53ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗವೇ, ಒಂದು ಪರೀಕ್ಷೆಯನ್ನು ಮಾತ್ರ ನಂಬಬೇಡಿ, ವರ್ಷವಿಡೀ ಶಾಲೆಯಲ್ಲಿ ಮಗು ಮಾಡಿದ ಕೆಲಸವನ್ನೂ ಗಣನೆಗೆ ತೆಗೆದುಕೊಳ್ಳಿ ಎಂಬ ಅರ್ಥದ ಸಲಹೆ ಕೊಟ್ಟಿತ್ತು. ಆ ಸಲಹೆ ನಮ್ಮ ಊರಿಗೆ ತಲುಪಲು ಅರ್ಧ ಶತಮಾನ ಬೇಕಾಯಿತು. 1994ರಲ್ಲಿ ಡಿ.ಪಿ.ಇ.ಪಿ. ಎಂಬ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಕೇರಳಕ್ಕೆ ಬಂದಾಗ ಮೊದಲು ಆರಿಸಿದ ಮೂರು ಜಿಲ್ಲೆಗಳಲ್ಲಿ ನಮ್ಮ ಕಾಸರಗೋಡೂ ಒಂದು. ಇನ್ನೆರಡು ವಯನಾಡು, ಮಲಪ್ಪುರಂ. ಬಾಯಿಪಾಠ ಹೋಗಿ ಆಟಪಾಠ ಬಂತು. 2005ರಲ್ಲಿ ಎಸ್.ಎಸ್.ಎಲ್.ಸಿ.ಗೆ ಗ್ರೇಡು ಬಂತು. ರ‍್ಯಾಂಕಿನ ಭಾವಚಿತ್ರಗಳು ಹೋದವು. ಒಂಬತ್ತು ಗ್ರೇಡುಗಳು, ಮೇಲೆ ಎ ಪ್ಲಸ್, ಕೆಳಗೆ ಇ. ಮುಂದೆ ಓದಲು ಪ್ರತಿ ವಿಷಯದಲ್ಲಿ ಡಿ ಪ್ಲಸ್, ಅಂದರೆ ನೂರಕ್ಕೆ 30 ಬೇಕು.

ಇಲ್ಲಿ ಒಬ್ಬ ಗುಮಾಸ್ತನ ಲೆಕ್ಕ ಕೇಳಿ. ಗಣಿತ, ಇಂಗ್ಲಿಷು, ಸಮಾಜ ವಿಜ್ಞಾನ ಈ ಮೂರಕ್ಕೆ ತಲಾ 100. ಅದರಲ್ಲಿ ಬರೆಯುವ ಪರೀಕ್ಷೆಗೆ 80, ಶಾಲೆಯಲ್ಲಿಯೇ ಕೊಡುವ ನಿರಂತರ ಮೌಲ್ಯಮಾಪನಕ್ಕೆ 20. ಉಳಿದ ಏಳಕ್ಕೆ ತಲಾ 50. ಅದರಲ್ಲಿ ಪರೀಕ್ಷೆಗೆ 40, ಶಾಲೆಯ ಕೈಯಲ್ಲಿ 10. ಎರಡನ್ನೂ ಕೂಡಿಸಿ ನೂರಕ್ಕೆ 30 ಆದರೆ ಸಾಕು. ಶಾಲೆಯವರು ತಮ್ಮ 20ನ್ನೂ ಪೂರ್ತಿಯಾಗಿ ಕೊಟ್ಟರೆ, ಮಗು 80ರಲ್ಲಿ ಬರೇ 10 ತೆಗೆದರೆ ಪಾಸು. ಇನ್ನೊಂದರಲ್ಲಿ 40ಕ್ಕೆ 5 ಸಾಕು. ಯಾವ ಶಿಕ್ಷಕರು ತಮ್ಮ ಮಕ್ಕಳಿಗೆ ಕಡಿಮೆ ಕೊಟ್ಟಾರು? ಮುದಲಿಯಾರ್ ಆಯೋಗ ಮಗುವಿನ ವರ್ಷದ ದುಡಿಮೆಗೆ ಬೆಲೆ ಸಿಗಲಿ ಎಂದು ಹೇಳಿದ್ದು, ನಡೆಯುತ್ತಾ ನಡೆಯುತ್ತಾ ಎಲ್ಲರಿಗೂ ಹಂಚುವ ಪಾಯಸವಾಯಿತು.

ಫಲಿತಾಂಶ ಏರುತ್ತಾ ಹೋಯಿತು. 2005ರಲ್ಲಿ ನೂರಕ್ಕೆ ಸುಮಾರು 58 ಮಂದಿ ಪಾಸಾದರೆ, 2008ರಲ್ಲಿ ಅದು 90 ದಾಟಿತು. 2023ರಲ್ಲಿ 99.70. ಇದನ್ನು ಕೇಳಿ ನಗುವವರ ಜೊತೆ ನಾನಿಲ್ಲ. ನನ್ನ ಅಣ್ಣನಂಥವರು ಲಕ್ಷಗಟ್ಟಲೆ ಮಂದಿ ಶಾಲೆಯಲ್ಲಿ ಉಳಿದದ್ದು ಈ ಕಾಲದಲ್ಲಿ. ಅದು ಸಣ್ಣ ಸಾಧನೆಯಲ್ಲ. ಆದರೆ ಬ್ಯಾಂಕಿನ ಕೌಂಟರಿನ ಈಚೆಯಿಂದ ನಾನು ಇನ್ನೊಂದನ್ನೂ ನೋಡಿದೆ. ಎಸ್.ಎಸ್.ಎಲ್.ಸಿ. ಪಾಸಾದ ಹುಡುಗ, ಗ್ರೇಡು ಚೆನ್ನಾಗಿಯೇ ಇದೆ. ಹಣ ತೆಗೆಯುವ ಚೀಟಿಯಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯಲು ಬಾರದೆ, ಯಾವ ಭಾಷೆಯಲ್ಲಿಯೂ ಬಾರದೆ, ನಾಚಿಕೆಯಿಂದ "ಮಾವ, ಒಮ್ಮೆ ಬರೆದುಕೊಡಿ" ಎಂದು ನನ್ನತ್ತ ನೂಕುತ್ತಿದ್ದ. ಒಬ್ಬನಲ್ಲ, ಹಲವರು.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುವ ಕ್ರಮವಿದೆ. ಆದರೆ ಅದು ಅಲ್ಲಿಯೇ ಕೂರಬಾರದು. ತಪ್ಪು ಎಲ್ಲಿ ಎಂದು ಹುಡುಕಿ ಬೇಗನೆ ಸರಿಪಡಿಸಬೇಕು, ಇಲ್ಲದಿದ್ದರೆ ಇನ್‌ಸ್ಪೆಕ್ಷನ್ನಿಗೆ ಬಂದವರು ಬಿಡುವುದಿಲ್ಲ. ಮಗು ಮೂರನೆಯ ತರಗತಿಯಲ್ಲಿ ಭಾಗಾಕಾರ ಕಲಿಯಲಿಲ್ಲ ಎಂದರೆ ಅದೂ ಹಾಗೆಯೇ ಒಂದು ವ್ಯತ್ಯಾಸ. ನಾವು ಅದನ್ನು ವರ್ಷದಿಂದ ವರ್ಷಕ್ಕೆ ಮುಂದಿನ ಪುಟಕ್ಕೆ ಒಯ್ದೆವು, ಹುಡುಕಲಿಲ್ಲ.

ಈ ನಡುವೆ ದೇಶದ ಕಾನೂನೂ ಬಂತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು. ಅದರ 16ನೆಯ ವಿಧಿಯಂತೆ ಎಂಟನೆಯ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಹಿಡಿದಿಡಬಾರದು. 2019ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಐದು ಮತ್ತು ಎಂಟನೆಯ ತರಗತಿಯ ಕೊನೆಗೆ ಪರೀಕ್ಷೆ ನಡೆಸಬೇಕು, ಸೋತವರಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಮತ್ತೆ ಪರೀಕ್ಷೆ ಕೊಡಬೇಕು, ಆಮೇಲೆಯೂ ಸೋತರೆ ಹಿಡಿದಿಡುವುದೋ ಬೇಡವೋ ಎಂಬುದು ಸರಕಾರಕ್ಕೆ ಬಿಟ್ಟದ್ದು ಎಂದು ಮಾಡಿದರು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ತನ್ನ ಶಾಲೆಗಳಿಗೆ ಹಿಡಿದಿಡುವ ನಿಯಮವನ್ನೇ ತಂದಿತು.

ಈಗ ನಾನು ನೆನಪಿನಲ್ಲಿಡಿ ಎಂದ ಮಾತಿಗೆ ಬರೋಣ. ದೇಶದ ಕಾಯಿದೆಗೆ ಎಂಟನೆಯದು ಪ್ರಾಥಮಿಕ ಶಿಕ್ಷಣದ ಕೊನೆ. ಕೇರಳದ ಶಾಲೆಗೆ ಎಂಟನೆಯದು ಹೈಸ್ಕೂಲಿನ ಆರಂಭ. ಒಂದು ಕಡೆ ರಕ್ಷಣೆ ಮುಗಿಯುತ್ತದೆ, ಇನ್ನೊಂದು ಕಡೆ ಪರೀಕ್ಷೆ ಶುರುವಾಗುತ್ತದೆ. ಹದಿಮೂರು ವರ್ಷದ ಮಗು ಈ ಎರಡರ ನಡುವಿನ ದಂಡೆಯಲ್ಲಿ ನಿಂತಿರುತ್ತದೆ.

2024ರ ಆಗಸ್ಟಿನಲ್ಲಿ ಕೇರಳದ ಮಂತ್ರಿಮಂಡಲ ಒಂದು ತೀರ್ಮಾನ ಮಾಡಿತು. ಇನ್ನು ಮೇಲೆ ಬರೆಯುವ ಪರೀಕ್ಷೆಯಲ್ಲಿಯೇ ಪ್ರತಿ ವಿಷಯಕ್ಕೆ ನೂರಕ್ಕೆ 30 ಬೇಕು, ಶಾಲೆ ಕೊಡುವ ಅಂಕವನ್ನು ಇದಕ್ಕೆ ಕೂಡಿಸುವಂತಿಲ್ಲ. 2024–25ರಲ್ಲಿ ಎಂಟನೆಯ ತರಗತಿಗೆ, 2025–26ರಲ್ಲಿ ಒಂಬತ್ತಕ್ಕೆ, 2026–27ರಲ್ಲಿ ಹತ್ತನೆಯದಕ್ಕೆ ಎಂದು ಕ್ರಮ ಹಾಕಿದರು. ಎಸ್.ಎಸ್.ಎಲ್.ಸಿ.ಯ ಲೆಕ್ಕದಲ್ಲಿ ಹೇಳುವುದಾದರೆ 80ರಲ್ಲಿ 10 ಸಾಕಾಗುತ್ತಿದ್ದ ಕಡೆ 24 ಬೇಕು. 40ರಲ್ಲಿ 5 ಸಾಕಾಗುತ್ತಿದ್ದ ಕಡೆ 12 ಬೇಕು.

ಎಂಟನೆಯ ತರಗತಿಯಲ್ಲಿ ಇದು ಮೊದಲು ನಡೆದದ್ದು 2025ರ ಬೇಸಗೆಯಲ್ಲಿ. ಕನಿಷ್ಠ ಅಂಕ ಸಿಗದ ಮಕ್ಕಳಿಗೆ ಏಪ್ರಿಲ್ 8ರಿಂದ 24ರ ವರೆಗೆ ಸೋತ ವಿಷಯದಲ್ಲಿ ಮಾತ್ರ ಬೆಳಗ್ಗಿನ ಹೊತ್ತು ಪಾಠ, 25ರಿಂದ 28ರ ವರೆಗೆ ಮರುಪರೀಕ್ಷೆ. ಆಗಲೂ ಸಿಗದಿದ್ದರೆ ಒಂಬತ್ತಕ್ಕೆ ಕಳಿಸಿ, ಅಲ್ಲಿ ಮತ್ತೆ ನೆರವು ಕೊಡುವುದು ಎಂದಿತ್ತು. ಅಂದರೆ ಇದು ನನ್ನ ಅಣ್ಣ ಕಂಡ ಫೇಲು ಅಲ್ಲ. ಗೋಡೆಯ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಮನೆಗೆ ಕಳಿಸುವುದಿಲ್ಲ, ಬಾ ಎಂದು ಕರೆದು ಕೂರಿಸುತ್ತಾರೆ. ಇಷ್ಟನ್ನು ಒಪ್ಪಬೇಕು.

ಹೊಳೆಯ ಆಚೆಗಿಂತ ತಲಪಾಡಿಯ ಆಚೆ ನಮ್ಮ ನಂಟು ಹೆಚ್ಚು. ಆದ್ದರಿಂದ ಅಲ್ಲಿಯದನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಕರ್ನಾಟಕದಲ್ಲಿ 2023ರಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ, ಮರುವರ್ಷ ಒಂಬತ್ತಕ್ಕೂ ಸೇರಿಸಿ, ಮಂಡಳಿಯ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ತಂದರು. ಖಾಸಗಿ ಶಾಲೆಗಳವರು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಬೇಡ ಎಂದಿತು, ವಿಭಾಗೀಯ ಪೀಠ ಆಗಬಹುದು ಎಂದಿತು, 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು. ಮಕ್ಕಳು ಪರೀಕ್ಷೆ ಬರೆದು ಕೂತಿದ್ದರು. ಆಮೇಲೆ 2025ರ ಅಕ್ಟೋಬರಿನಲ್ಲಿ ಅಲ್ಲಿಯ ಸರಕಾರ ಎಸ್.ಎಸ್.ಎಲ್.ಸಿ. ಪಾಸಿಗೆ ನೂರಕ್ಕೆ 35 ಇದ್ದುದನ್ನು ಒಟ್ಟಿನಲ್ಲಿ 33ಕ್ಕೆ ಇಳಿಸಿತು. 625ರಲ್ಲಿ 206, ಪ್ರತಿ ವಿಷಯದಲ್ಲಿ ಕನಿಷ್ಠ 30, ಅದೂ ಶಾಲೆಯ ಆಂತರಿಕ ಅಂಕ ಸೇರಿಸಿ. ವಿಚಿತ್ರ ನೋಡಿ. ಕೇರಳ ಆಂತರಿಕ ಅಂಕವನ್ನು ಹೊರಗಿಟ್ಟು ಬಿಗಿ ಮಾಡುವಾಗ ಕರ್ನಾಟಕ ಅದನ್ನು ಒಳಗಿಟ್ಟು ಸಡಿಲ ಮಾಡಿತು. ಎರಡು ಕಡೆಯೂ 30 ಎಂಬ ಅಂಕಿ ಒಂದೇ, ಅದರ ತೂಕ ಮಾತ್ರ ಬೇರೆ. ತಮ್ಮನ ಮಗ ಮಂಗಳೂರಿನಲ್ಲಿ, ಅಕ್ಕನ ಮಗಳು ಮಂಜೇಶ್ವರದಲ್ಲಿ ಓದುವ ಮನೆಗಳಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು. ಅಂಕ ಹೋಲಿಸಿ ಮಕ್ಕಳನ್ನು ಬೈಯುವುದಾದರೂ ಕಡಿಮೆಯಾದೀತು.

ಈಗ ನನ್ನ ಮೊಮ್ಮಗಳ ವಿಷಯ. 2025ರಲ್ಲಿ ಅವಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ. ಗಣಿತದಲ್ಲಿ ಮೂರು ಅಂಕ ಕಡಿಮೆಯಾಯಿತು. ರಜೆಯ ಪಾಠಕ್ಕೆ ಹೋದಳು. ಅವಳ ಗಣಿತದ ಟೀಚರು ಆ ದಿವಸಗಳಲ್ಲಿ ಇರಲಿಲ್ಲ, ಪಾಠ ಹೇಳಿದವರು ಮಲೆಯಾಳದವರು. ಒಳ್ಳೆಯವರು, ಪ್ರೀತಿಯಿಂದಲೇ ಹೇಳಿದರು. ಮಗುವಿಗೂ ಮಲೆಯಾಳ ಮಾತು ಬರುತ್ತದೆ. ಆದರೆ ಪೇಟೆಯ ಮಲೆಯಾಳ ಬೇರೆ, ಗಣಿತದ ಮಲೆಯಾಳ ಬೇರೆ. "ಚುಟ್ಟಳವ್" ಎಂದಾಗ ಸುತ್ತಳತೆ ಇರಬೇಕು ಎಂದು ಊಹಿಸಿದಳಂತೆ. "ಪರಪ್ಪಳವ್" ಎಂದಾಗ ಅದು ವಿಸ್ತೀರ್ಣ ಎಂದು ಹೊಳೆಯಲಿಲ್ಲ. "ಹರಣಫಲ" ಎಂದರೆ ಭಾಗಲಬ್ಧ ಎಂದು ಗೊತ್ತಾಗಲಿಲ್ಲ. ಕೈ ಎತ್ತಿ ಕೇಳಲು ಹೆದರಿಕೆ. ಮೂರನೆಯ ದಿವಸ ಮನೆಯಲ್ಲಿ "ಅಜ್ಜ, ನಾನು ದಡ್ಡಿಯಾ?" ಎಂದು ಕೇಳಿದಳು.

ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದರ ವಿರುದ್ಧ ಮಕ್ಕಳೂ ಹೆತ್ತವರೂ ಹಲವು ಸಲ ಪ್ರತಿಭಟನೆಗೆ ಇಳಿದದ್ದು, ಕೋರ್ಟಿಗೆ ಹೋದದ್ದು ನಿಮಗೆ ಗೊತ್ತಿರುವ ಸಂಗತಿ. ಮೊದಲು ಇದು ಭಾಷೆಯ ಹಕ್ಕಿನ ಮಾತಾಗಿತ್ತು. ಈಗ ಇದು ಅಂಕದ ಮಾತೂ ಆಯಿತು. ಹಿಂದೆ ಒಂದು ವಿಷಯವನ್ನು ಅರ್ಥವಾಗದ ಭಾಷೆಯಲ್ಲಿ ಕೇಳಿದರೂ ಶಾಲೆಯ 20 ಅಂಕ ಕೈ ಹಿಡಿದು ದಾಟಿಸುತ್ತಿತ್ತು. ಇನ್ನು ಹಾಗಿಲ್ಲ. ಕನಿಷ್ಠ ಅಂಕ ಬೇಕೆಂದು ಮಗುವನ್ನು ಕೇಳುವ ಸರಕಾರ, ಆ ಮಗುವಿಗೆ ಅದರ ಮಾಧ್ಯಮದಲ್ಲಿ ಪಾಠ ಹೇಳುವ ಶಿಕ್ಷಕರನ್ನು ಕೊಡಬೇಕಾದ್ದು ಅದರದ್ದೇ ಕನಿಷ್ಠ. ಒಂದು ಕಡೆಯ ಕನಿಷ್ಠವನ್ನು ಮಾತ್ರ ಲೆಕ್ಕ ಹಾಕಿದರೆ ತಾಳೆಯಾಗುವುದಿಲ್ಲ.

ನಾನು ಈ ನಿಯಮದ ವಿರೋಧಿಯಲ್ಲ. ಕೌಂಟರಿನಲ್ಲಿ ನಾಚಿಕೊಂಡು ನಿಂತ ಆ ಹುಡುಗರ ಮುಖ ನೆನಪಾದಾಗ, ಇದು ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು ಎನಿಸುತ್ತದೆ. ಅಣ್ಣನ ಮುಖ ನೆನಪಾದಾಗ, ಬಂದದ್ದು ಜಾಗ್ರತೆಯಿಂದ ನಡೆಯಲಿ ಎನಿಸುತ್ತದೆ. ಹೆತ್ತವರಾದ ನಿಮ್ಮಲ್ಲಿ ಮೂರು ವಿನಂತಿ. ಮಗುವಿನ ಉತ್ತರಪತ್ರಿಕೆಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿ, ಬರೇ ಗ್ರೇಡು ಕೇಳಬೇಡಿ. ನೆರವಿನ ಪಾಠ ಯಾವ ಭಾಷೆಯಲ್ಲಿ, ಯಾರು ಹೇಳುತ್ತಾರೆ ಎಂದು ಶಾಲೆಗೆ ಹೋಗಿ ವಿಚಾರಿಸಿ, ಬೇಕಾದರೆ ಪಿ.ಟಿ.ಎ. ಸಭೆಯಲ್ಲಿ ಬರೆದುಕೊಡಿ. ಮೂರನೆಯದಾಗಿ, ರಜೆಯಲ್ಲಿ ಶಾಲೆಗೆ ಹೋಗುವ ಮಗುವನ್ನು ನೆಂಟರ ಎದುರು ಸೋತವನು, ಸೋತವಳು ಎಂದು ಕರೆಯಬೇಡಿ.

ಮೊಮ್ಮಗಳು ಏನಾದಳು ಎಂದು ನೀವು ಕೇಳಬಹುದು. ಅಣ್ಣ ಈಗ ಊರಿನಲ್ಲಿಯೇ ಇದ್ದಾನೆ. ಲೋಟ ತೊಳೆಯಲು ಹೋದವನು ಕೆಲವು ವರ್ಷಗಳಲ್ಲಿ ಅದೇ ಹೋಟೆಲಿನ ಗಲ್ಲದಲ್ಲಿ ಕೂತು ಲೆಕ್ಕ ಬರೆಯುವಷ್ಟಾಗಿದ್ದ. ಮಗುವಿನ ಮಾತು ಕೇಳಿ ಅವನೇ ಸಂಜೆ ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು ಕನ್ನಡದ ಗಣಿತ ಪುಸ್ತಕ ತೆರೆದ. ಅಂಗಳವನ್ನೇ ಅಳೆಸಿ ವಿಸ್ತೀರ್ಣ ಹೇಳಿಕೊಟ್ಟ. ಮರುಪರೀಕ್ಷೆಯಲ್ಲಿ ಅವಳಿಗೆ ಬೇಕಾದ ಅಂಕಕ್ಕಿಂತ ಹೆಚ್ಚೇ ಬಂತು. ಆ ದಿವಸ ಅಣ್ಣ ನನ್ನಲ್ಲಿ ಹೇಳಿದ: "ನೋಡು, ನನಗೂ ಆಗ ಎರಡು ವಾರ ಯಾರಾದರೂ ಇಂಗ್ಲಿಷು ಹೇಳಿಕೊಟ್ಟಿದ್ದರೆ ಸಾಕಿತ್ತು."